ಬರಿಗಾಲಲ್ಲಿ ಲಂಡನ್ನಿಗೆ ಹೋದ ಬೆಂಗಳೂರಿನ ಹುಡುಗ

ತುಂಬಾ ದಿನಗಳಾದವು ಇಲ್ಲಿ ಏನೂ ಬರೆಯದೆ. ವಿಷಯ ಇರಲಿಲ್ಲ ಅಂತಲ್ಲ, ಬರೀ ಸೋಮಾರಿತನ. ಈ ಸಲ ಕೂತು ಬರೆಯಲೇಬೇಕು ಅನಿಸಿದ್ದು ಅಕ್ಕನ ಮಗನಿಂದಾಗಿ.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೆವು. ಕೊಳ್ಳೇಗಾಲದವರಿಗೆ ಇದೇನು ಹೊಸ ಸುದ್ದಿಯಲ್ಲ ಬಿಡಿ. ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ತನಕ ಬಸ್ಸು, ಅಲ್ಲಿಂದ ಮೇಲಕ್ಕೆ ಕಾಲ್ನಡಿಗೆ. ಚಪ್ಪಲಿ ಬಿಟ್ಟು ಹತ್ತಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. ಹುಡುಗ ತನ್ನ ದುಬಾರಿ ಬೂಟುಗಳನ್ನು ಚೀಲಕ್ಕೆ ತುರುಕಿಕೊಂಡು, ಮೈಮೇಲೆ ಇಂಗ್ಲೆಂಡ್ ತಂಡದ ಬಿಳಿ ಅಂಗಿ ಹಾಕಿಕೊಂಡು ಹತ್ತುತ್ತಿದ್ದ. ಸುತ್ತ ಎಲ್ಲರೂ "ಉಘೇ ಮಾದಪ್ಪ" ಅನ್ನುತ್ತಿದ್ದರೆ ಇವನದು ಬೇರೆಯೇ ಜಪ.

"ಮಾವ, ಬೆಲ್ಲಿಂಗ್‌ಹ್ಯಾಮ್ ಹದಿನಾರು ವರ್ಷಕ್ಕೇ ಆಡಕ್ಕೆ ಶುರು ಮಾಡ್ದ, ಗೊತ್ತಾ?"

ಗೊತ್ತಿರಲಿಲ್ಲ. ಅವನೇ ಹೇಳಿದ. ಜೂಡ್ ಬೆಲ್ಲಿಂಗ್‌ಹ್ಯಾಮ್ ಹುಟ್ಟಿದ್ದು 2003ರಲ್ಲಿ. 2019ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ತಂಡಕ್ಕೆ ಆಡಿದಾಗ ಇನ್ನೂ ಹದಿನಾರು. ಮರುವರ್ಷ ಜರ್ಮನಿಯ ಡಾರ್ಟ್‌ಮಂಡ್ ಅವನನ್ನು ಕೊಂಡುಕೊಂಡಿತು. ಒಂದೇ ಒಂದು ಸೀಸನ್ ಆಡಿದ್ದ ಆ ಹುಡುಗನ 22ನೇ ನಂಬರಿನ ಅಂಗಿಯನ್ನು ಬರ್ಮಿಂಗ್‌ಹ್ಯಾಮಿನವರು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಎತ್ತಿಟ್ಟರಂತೆ! 2023ರಲ್ಲಿ ರಿಯಲ್ ಮ್ಯಾಡ್ರಿಡ್. ಆಗ ಅವನಿಗೆ ಇಪ್ಪತ್ತು ತುಂಬುತ್ತಿತ್ತು ಅಷ್ಟೇ.

ಒಂದು ತಿರುವಿನಲ್ಲಿ ಉಸಿರು ಬಿಡಲು ಕೂತೆವು. ಅವನು ಅಂಗಾಲಿಗೆ ಚುಚ್ಚಿದ್ದ ಕಲ್ಲಿನ ಚೂರು ಕೀಳುತ್ತಾ ಕೇಳಿದ, "ನಮ್ಮೋರು ಯಾರೂ ಇಲ್ವಾ ಮಾವ ಹಿಂಗೆ? ಸಣ್ಣ ವಯಸ್ಸಿಗೇ ದೊಡ್ಡ ಆಟಗಾರ ಆದೋರು?"

"ಇದ್ರು ಕಣೋ. ನಿನ್ನ ಹಂಗೇ ಬರಿಗಾಲಲ್ಲಿ" ಅಂದೆ.

ಅವನು ನಂಬಲಿಲ್ಲ. ನಾನು ಬೆಟ್ಟದ ಮೇಲೆ ಹೇಳಿದ್ದನ್ನು, ಮನೆಗೆ ಬಂದು ಓದಿ ಸರಿ ಮಾಡಿಕೊಂಡದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆತನ ಹೆಸರು ಅಹ್ಮದ್ ಖಾನ್. ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. ಬೆಂಗಳೂರು ಅಂದರೆ ಚಿಕ್ಕಪೇಟೆ, ಬಸವನಗುಡಿಯ ಬೆಂಗಳೂರಲ್ಲ, ದಂಡು ಪ್ರದೇಶದ ಬೆಂಗಳೂರು. ಈ ವ್ಯತ್ಯಾಸ ಮುಖ್ಯ, ಮುಂದೆ ಹೇಳುತ್ತೇನೆ.

1809ರಲ್ಲಿ ಇಂಗ್ಲಿಷರು ಹಲಸೂರಿನ ಪಕ್ಕದಲ್ಲಿ ದಂಡು ಹೂಡಿದರು. ಸೈನ್ಯ ಇದ್ದಲ್ಲಿ ಮೈದಾನ, ಮೈದಾನ ಇದ್ದಲ್ಲಿ ಸಂಜೆ ಆಟ. ಸೋಲ್ಜರುಗಳು ಬೂಟು ಹಾಕಿ ಆಡುತ್ತಿದ್ದುದನ್ನು ಸುತ್ತಲಿನ ಓಣಿಯ ಹುಡುಗರು ನೋಡಿ ಕಲಿತರು. ಅವರಲ್ಲಿ ಹೆಚ್ಚಿನವರ ಮನೆಮಾತು ತಮಿಳು ಇಲ್ಲವೇ ದಖನಿ ಉರ್ದು. ಬೂಟು ಕೊಳ್ಳುವ ಶಕ್ತಿ ಇಲ್ಲ, ಅದರ ಅಭ್ಯಾಸವೂ ಇಲ್ಲ. ಹಾಗಾಗಿ ಬರಿಗಾಲು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರ ಇಲ್ಲೆಲ್ಲಾ ಇವತ್ತಿಗೂ ಕ್ರಿಕೆಟ್ಟಿಗಿಂತ ಫುಟ್‌ಬಾಲ್ ಹುಚ್ಚೇ ಜಾಸ್ತಿ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ.

ಅಹ್ಮದ್ ಖಾನರದ್ದು ಆಟದ ಮನೆತನ. ತಂದೆ ಆಡುತ್ತಿದ್ದರು, ಅಣ್ಣತಮ್ಮಂದಿರೂ ಆಡಿದರು. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ಅವರ ಕೇರಿಯ ತಂಡವೊಂದು ದೊಡ್ಡ ಕೆಲಸ ಮಾಡಿತು. ಮುಂಬಯಿಯಲ್ಲಿ ರೋವರ್ಸ್ ಕಪ್ ಅಂತ ಪಂದ್ಯಾವಳಿ, 1891ರಿಂದ ನಡೆಯುತ್ತಿದ್ದದ್ದು. ವರ್ಷಾ ವರ್ಷಾ ಗೋರಾ ಪಲ್ಟನ್ನುಗಳೇ ಕಪ್ ಎತ್ತಿಕೊಂಡು ಹೋಗುತ್ತಿದ್ದವು. 1937ರಲ್ಲಿ ಬ್ಯಾಂಗಲೂರ್ ಮುಸ್ಲಿಮ್ಸ್ ತಂಡ ಅದನ್ನು ಗೆದ್ದಿತು. ರೋವರ್ಸ್ ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ ಮತ್ತೆ ಗೆದ್ದರು. ಕಲ್ಕತ್ತೆಯ ಮೋಹನ್ ಬಗಾನ್ ತಂಡ 1911ರಲ್ಲಿ ಬರಿಗಾಲಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನನ್ನು ಸೋಲಿಸಿದ್ದು ನಮಗೆಲ್ಲಾ ಗೊತ್ತು, ಅದರ ಮೇಲೆ ಸಿನಿಮಾನೂ ಬಂದಿದೆ. ಬೆಂಗಳೂರಿನ 1937 ಎಷ್ಟು ಜನ ಕನ್ನಡಿಗರಿಗೆ ಗೊತ್ತು ಹೇಳಿ ನೋಡೋಣ? ನನಗಂತೂ ಮೊನ್ನೆಮೊನ್ನೆಯವರೆಗೂ ಗೊತ್ತಿರಲಿಲ್ಲ.

ಅಹ್ಮದ್ ಮುಂದೆ ಇದೇ ಬ್ಯಾಂಗಲೂರ್ ಮುಸ್ಲಿಮ್ಸ್ ತಂಡಕ್ಕೆ ಆಡಿದರು. ಎಡ ಒಳಗಿನ ಫಾರ್ವರ್ಡ್ ಜಾಗ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದರಂತೆ, ಅದಕ್ಕೇ ಮುಂದೆ ಅವರಿಗೆ "ಹಾವಾಡಿಗ" ಅಂತ ಹೆಸರು ಬಿತ್ತು. ಹಾವಾಡಿಗನ ಪುಂಗಿಯ ಹಿಂದೆ ಹಾವು ಆಡುವ ಹಾಗೆ ಇವರ ಕಾಲಿನ ಹಿಂದೆ ಎದುರಾಳಿ ಆಡಬೇಕಿತ್ತು.

1948. ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿಲ್ಲ. ಲಂಡನ್ ಒಲಿಂಪಿಕ್ಸಿಗೆ ಭಾರತದ ಫುಟ್‌ಬಾಲ್ ತಂಡ ಹೊರಟಿತು. ನಾಯಕ ನಾಗಾ ನಾಡಿನ ಡಾಕ್ಟರ್ ತಾಲಿಮೆರೆನ್ ಆವ್. ತಂಡದಲ್ಲಿ ಮೈಸೂರಿನ ಆಟಗಾರರು ಎಷ್ಟು ಜನ ನೋಡಿ: ಸಾರಂಗಪಾಣಿ ರಾಮನ್, ಧನರಾಜ್, ವಜ್ರವೇಲು, ಬಶೀರ್, ಗೋಲ್‌ಕೀಪರ್ ವರದರಾಜ್, ಜೊತೆಗೆ ಇಪ್ಪತ್ತೊಂದರ ಹುಡುಗ ಅಹ್ಮದ್ ಖಾನ್. ಆರು ಜನ!

ಜುಲೈ 31, 1948. ಲಂಡನ್ ಹೊರವಲಯದ ಇಲ್ಫರ್ಡ್‌ನಲ್ಲಿ ಕ್ರಿಕಲ್‌ಫೀಲ್ಡ್ ಅನ್ನುವ ಪುಟ್ಟ ಮೈದಾನ. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ, ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡು. ಮೂವತ್ತನೇ ನಿಮಿಷಕ್ಕೆ ಫ್ರಾನ್ಸ್ ಒಂದು ಗೋಲು ಹೊಡೆಯಿತು. ಎಪ್ಪತ್ತನೇ ನಿಮಿಷದಲ್ಲಿ ನಮ್ಮ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಪಂದ್ಯ ಅದು, ಹಾಗಾಗಿ ಸ್ವತಂತ್ರ ಭಾರತದ ಮೊದಲ ಗೋಲು ಬೆಂಗಳೂರಿನವರ ಕಾಲಿನದು! ನಡುವೆ ಸಿಕ್ಕಿದ ಎರಡು ಪೆನಾಲ್ಟಿಗಳನ್ನೂ ನಮ್ಮವರು ಹಾಳು ಮಾಡಿಕೊಂಡರು. ಎಂಬತ್ತೊಂಬತ್ತನೇ ನಿಮಿಷಕ್ಕೆ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು. ಎರಡರಲ್ಲಿ ಒಂದು ಪೆನಾಲ್ಟಿ ಒಳಗೆ ಹೋಗಿದ್ದರೆ... ಇರಲಿ ಬಿಡಿ, ಎಪ್ಪತ್ತು ವರ್ಷ ದಾಟಿದ ಮೇಲೆ ಕೈ ಕೈ ಹಿಸುಕಿಕೊಂಡು ಏನು ಪ್ರಯೋಜನ.

ಬರಿಗಾಲು ನೋಡಿ ಲಂಡನ್ನಿನ ಜನ ಬೆರಗಾದರು. ಯಾಕೆ ಹೀಗೆ ಅಂತ ಕೇಳಿದ ಪತ್ರಕರ್ತರಿಗೆ ನಾಯಕ ಆವ್, ನಾವು ಆಡುವುದು ಕಾಲಿನ ಚೆಂಡಾಟ, ನಿಮ್ಮದು ಬೂಟಿನ ಚೆಂಡಾಟ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು ಅನ್ನುವ ಕತೆ ಇವತ್ತಿಗೂ ಓಡಾಡುತ್ತಿದೆ.

ಇದನ್ನು ಕೇಳಿದ ಅಳಿಯರಾಯ ತನ್ನ ಅಂಗಾಲು ನೋಡಿಕೊಂಡ. ಬರಿಗಾಲಲ್ಲಿ ಒಂದು ಲಾಭ ಇದೆ, ತಾಳಬೆಟ್ಟದಿಂದ ಹತ್ತಿದವರಿಗೆ ಗೊತ್ತು. ನೆಲ ನೇರವಾಗಿ ಮಾತಾಡುತ್ತೆ. ಯಾವ ಕಲ್ಲು ಅಲ್ಲಾಡುತ್ತೆ, ಯಾವುದು ಗಟ್ಟಿ ಅಂತ ಪಾದಕ್ಕೆ ಮೊದಲೇ ತಿಳಿಯುತ್ತೆ. ಚೆಂಡೂ ಹಾಗೇ. ಒಣ ನೆಲದಲ್ಲಿ ಬರಿಗಾಲಿನವನು ಚೆಂಡನ್ನು ಬೆರಳ ತುದಿಯಲ್ಲಿ ತಿರುಗಿಸಬಲ್ಲ. ಆದರೆ ಆಗಿನದು ದಾರ ಹಾಕಿ ಬಿಗಿದ ತೊಗಲಿನ ಚೆಂಡು, ನೀರು ಕುಡಿದರೆ ಕಲ್ಲಿನ ಗುಂಡು. ನೆನೆದ ಹುಲ್ಲಿನ ಮೇಲೆ ಬರಿಗಾಲು ಜಾರುತ್ತೆ. ಎದುರಿನವನ ಬೂಟಿನಡಿ ಗುಬ್ಬಿಗಳಿರುತ್ತವೆ, ತುಳಿದರೆ ಮುಗಿಯಿತು. ಹಾಗಾಗಿ ಬರಿಗಾಲನ್ನು ಬರೀ ಹೆಮ್ಮೆಯ ವಿಷಯ ಮಾಡಿಕೊಳ್ಳುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಮಾದಪ್ಪನಿಗೆ ಹರಕೆ ಹೊತ್ತು ಚಪ್ಪಲಿ ಬಿಡುವುದು ಬೇರೆ, ಬೂಟು ಕೊಳ್ಳಲಾಗದೆ ಬಿಡುವುದು ಬೇರೆ.

ಇನ್ನು ನಾನು ಹೇಳಬೇಕೆಂದುಕೊಂಡ ಮುಖ್ಯ ವಿಷಯ. ಅದೇ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದದ್ದು ಸ್ವೀಡನ್. ಅವರ ಮುಂಚೂಣಿಯಲ್ಲಿ ಗನ್ನಾರ್ ನಾರ್ಡಾಲ್ ಅಂತ ಇದ್ದ. ಊರಿನಲ್ಲಿ ಬೆಂಕಿ ನಂದಿಸುವ ದಳದ ಕೆಲಸಗಾರ. ಹಣಕ್ಕಾಗಿ ಆಡದ ಹವ್ಯಾಸಿಗಳಿಗೆ ಮಾತ್ರ ಒಲಿಂಪಿಕ್ಸಿನಲ್ಲಿ ಅವಕಾಶ ಇದ್ದ ಕಾಲ ಅದು. ಅಂದರೆ ಕಾಗದದ ಮೇಲೆ ನಾರ್ಡಾಲ್, ಅಹ್ಮದ್ ಖಾನ್ ಇಬ್ಬರೂ ಒಂದೇ. ಒಲಿಂಪಿಕ್ಸ್ ಮುಗಿದ ಮೇಲೆ ಏನಾಯಿತು? 1949ರಲ್ಲಿ ನಾರ್ಡಾಲನನ್ನು ಇಟಲಿಯ ಎ.ಸಿ. ಮಿಲಾನ್ ಕರೆದುಕೊಂಡಿತು. ಹಿಂದೆಯೇ ಅವನ ಜೊತೆಗಾರರಾದ ಗ್ರೆನ್, ಲೀಡ್‌ಹೋಮ್ ಇಬ್ಬರೂ ಹೋದರು. ಸಂಬಳದ ವೃತ್ತಿ ಆಟಗಾರರಾಗಿ ಇಟಲಿಯ ಲೀಗನ್ನೇ ಆಳಿದರು.

ಅದೇ 1949ರಲ್ಲಿ ಅಹ್ಮದ್ ಖಾನ್ ಹೋದದ್ದು ಕಲ್ಕತ್ತೆಗೆ.

ಕಲ್ಕತ್ತೆ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಆ ಕಾಲದ ಭಾರತದಲ್ಲಿ ಫುಟ್‌ಬಾಲಿನ ಕಾಶಿ ಅದು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಜ್ಯೋತಿಷ್ ಚಂದ್ರ ಗುಹಾ ಅನ್ನುವವರು ದಕ್ಷಿಣದಿಂದ ಹುಡುಕಿ ಹುಡುಕಿ ಆಟಗಾರರನ್ನು ತಂದರು. ಬಲದ ಅಂಚಿಗೆ ವೆಂಕಟೇಶ್, ಅವರ ಒಳಗೆ ಆಂಧ್ರದ ಅಪ್ಪಾರಾವ್, ನಡುವೆ ನಮ್ಮ ಧನರಾಜ್, ಎಡ ಒಳಗೆ ಅಹ್ಮದ್ ಖಾನ್, ಎಡದ ಅಂಚಿಗೆ ಕೇರಳದ ಸಾಲೆ. ಜನ ಇವರನ್ನು ಪಂಚಪಾಂಡವರು ಅಂತ ಕರೆದರು. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ! 1949ರಲ್ಲೇ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಮೂರನ್ನೂ ಗೆದ್ದರು. ಶೀಲ್ಡನ್ನು 1950, 1951ರಲ್ಲೂ ಬಿಡಲಿಲ್ಲ. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್. ದೇಶ ಒಡೆದು, ಮನೆಮಠ ಬಿಟ್ಟು ಪೂರ್ವ ಬಂಗಾಳದಿಂದ ಕಲ್ಕತ್ತೆಗೆ ಬಂದು ಬಿದ್ದಿದ್ದ ಲಕ್ಷಾಂತರ ಜನರಿಗೆ ಈ ತಂಡವೇ ಊರು, ಈ ತಂಡವೇ ಮನೆ. ಆ ಜನರಿಗೆ ವಾರಕ್ಕೊಂದು ಸಂಜೆ ನಗು ತಂದವರು ಬಂಗಾಳಿ ಬಾರದ ಈ ಐದು ಜನ. ಇದನ್ನು ನೆನೆದಾಗೆಲ್ಲಾ ನನಗೆ ಯಾಕೋ ಗಂಟಲು ಕಟ್ಟುತ್ತೆ.

ಆದರೆ ಇದು ವೃತ್ತಿಯೇ? ಅಲ್ಲಿದೆ ನೋಡಿ ತೊಡಕು. ಭಾರತದಲ್ಲಿ ಆಗ ವೃತ್ತಿಪರ ಫುಟ್‌ಬಾಲ್ ಅನ್ನುವುದೇ ಇರಲಿಲ್ಲ. ಎಲ್ಲರೂ ಹವ್ಯಾಸಿಗಳೇ. ಆಡುವವನಿಗೆ ಯಾವುದೋ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಒಂದು ಕೆಲಸ ಅಂತ ಇರಬೇಕು. ಬೆಂಗಳೂರಿನಲ್ಲೂ ಅದೇ ಕತೆ. ಎಚ್‌ಎಎಲ್, ಐಟಿಐ ಬಂದ ಮೇಲೆ ಚೆನ್ನಾಗಿ ಆಡುವ ಹುಡುಗನ ಕನಸು ಅಂದರೆ ಆ ಕಾರ್ಖಾನೆಯ ತಂಡ ಸೇರಿ ಕೆಲಸ ಖಾಯಂ ಮಾಡಿಕೊಳ್ಳುವುದು. ತಪ್ಪೇನಿಲ್ಲ, ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ಆದರೆ ಆಟ ಅಲ್ಲಿ ಕೆಲಸಕ್ಕೆ ಹೋಗುವ ಬಾಗಿಲು, ಆಟವೇ ಕೆಲಸವಲ್ಲ.

ಹಾಗಂತ ಇಂಗ್ಲೆಂಡಿನ ಹುಡುಗರು ಆಗ ಸುಖವಾಗಿದ್ದರು ಅಂತ ತಿಳಿಯಬೇಡಿ. ಅಲ್ಲಿ ಆಟಗಾರನಿಗೆ ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡಕೂಡದು ಅಂತ ಕಾನೂನಿತ್ತು. 1947ರಲ್ಲಿ ಅದು ಸೀಸನ್ನಿನಲ್ಲಿ ವಾರಕ್ಕೆ 12 ಪೌಂಡು, ಬೇಸಿಗೆಯಲ್ಲಿ 10. ಆಗಿನ ಲೆಕ್ಕದಲ್ಲಿ ಹನ್ನೆರಡು ಪೌಂಡ್ ಅಂದರೆ ಸುಮಾರು 160 ರೂಪಾಯಿ. 1948-49ರ ಸೀಸನ್ನಿನಲ್ಲಿ ಲೀಗ್ ಪಂದ್ಯ ನೋಡಲು 4 ಕೋಟಿ 10 ಲಕ್ಷಕ್ಕೂ ಹೆಚ್ಚು ಟಿಕೆಟ್ ಹರಿದವು. ಆ ದುಡ್ಡೆಲ್ಲಾ ಎಲ್ಲಿಗೆ ಹೋಯಿತು ಅಂತ ಕೇಳುವ ಹಕ್ಕು ಆಡಿದವನಿಗೆ ಇರಲಿಲ್ಲ. ಕರಾರು ಮುಗಿದರೂ ಹಳೆಯ ಕ್ಲಬ್ ಬಿಡದೆ ಇನ್ನೊಂದಕ್ಕೆ ಹೋಗುವಂತಿರಲಿಲ್ಲ, ಒಂಥರಾ ಜೀತ. ಡಂಕನ್ ಎಡ್ವರ್ಡ್ಸ್ ಅಂತ ಒಬ್ಬ ಹುಡುಗ ಇದ್ದ, 1953ರಲ್ಲಿ ಹದಿನಾರನೇ ವಯಸ್ಸಿಗೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡಕ್ಕೆ ಆಡಿದ, ಹದಿನೆಂಟಕ್ಕೆ ಇಂಗ್ಲೆಂಡ್ ತಂಡದಲ್ಲಿ. 1958ರ ಫೆಬ್ರವರಿಯಲ್ಲಿ ಮ್ಯೂನಿಕ್ ವಿಮಾನ ಅಪಘಾತದಲ್ಲಿ ಗಾಯಗೊಂಡು ಹದಿನೈದು ದಿನ ಜೀವ ಹಿಡಿದು ಹೋದ. ಇಪ್ಪತ್ತೊಂದು ವರ್ಷ. ಅಹ್ಮದ್ ಖಾನ್ ಇಲ್ಫರ್ಡಿನಲ್ಲಿ ಆಡಿದಾಗ ಇದ್ದಷ್ಟೇ ವಯಸ್ಸು. ಅಷ್ಟು ದೊಡ್ಡ ಆಟಗಾರನೂ ಆ ಸಂಬಳದ ಮಿತಿಯೊಳಗೇ ಬದುಕಿ ಹೋದ. ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ 1961ರಲ್ಲಿ ಮಿತಿ ಹೋಯಿತು. ಜಾರ್ಜ್ ಈಸ್ಟ್‌ಹ್ಯಾಮ್ ಅನ್ನುವ ಆಟಗಾರ ಕೋರ್ಟು ಹತ್ತಿ 1963ರಲ್ಲಿ ಗೆದ್ದ ಮೇಲೆ ಜೀತದ ಹಗ್ಗ ಸಡಿಲವಾಯಿತು. ಇವತ್ತು ಬೆಲ್ಲಿಂಗ್‌ಹ್ಯಾಮ್ ಎಣಿಸುವ ದುಡ್ಡಿನ ಹಿಂದೆ ಇವರೆಲ್ಲಾ ಇದ್ದಾರೆ. ಅಲ್ಲಿನ ಆಟಗಾರ ಜಗಳವಾಡಿ ಆಟವನ್ನು ವೃತ್ತಿ ಮಾಡಿಕೊಂಡ. ನಮ್ಮಲ್ಲಿ ಜಗಳವಾಡಲು ಎದುರಿಗೆ ಒಂದು ಸಂಬಳದ ಚೀಟಿಯಾದರೂ ಬೇಕಲ್ಲ?

ಅಹ್ಮದರ ಕತೆಗೆ ವಾಪಸ್ ಬರೋಣ. 1950ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್. ಏಷ್ಯಾದ ಉಳಿದ ತಂಡಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಜಾಗ ಸಿಕ್ಕಿತು. ಸ್ವೀಡನ್, ಇಟಲಿ, ಪೆರಗ್ವೆ ಇದ್ದ ಗುಂಪಿನಲ್ಲಿ ನಮ್ಮ ಹೆಸರೂ ಬಂತು. ಕೊನೆಗೆ ನಾವು ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅದಕ್ಕೇ ಹೋಗಲಿಲ್ಲ ಅನ್ನುವುದು ಎಲ್ಲರ ಬಾಯಲ್ಲಿರುವ ಕತೆ. ತಂಡದಲ್ಲಿ ಇರಬೇಕಿದ್ದ ಶೈಲೇನ್ ಮನ್ನಾ ಅವರೇ ಅದು ನಿಜವಲ್ಲ ಅಂದಿದ್ದರು. ನಮ್ಮ ಫುಟ್‌ಬಾಲ್ ದೊಡ್ಡವರಿಗೆ ಒಲಿಂಪಿಕ್ಸ್ ಮುಖ್ಯವಾಗಿತ್ತು, ವಿಶ್ವಕಪ್ ಅಂದರೆ ಏನು ಅನ್ನುವ ಅಂದಾಜೇ ಇರಲಿಲ್ಲ. ಇಪ್ಪತ್ಮೂರರ ಹರೆಯದ ಆಟಗಾರನೊಬ್ಬನಿಗೆ ಇದಕ್ಕಿಂತ ದೊಡ್ಡ ನಷ್ಟ ಏನಿದೆ? ಬೂಟಿನ ಕತೆ ಹೇಳಿಕೊಂಡರೆ ತಪ್ಪು ಬಡತನದ್ದಾಗುತ್ತೆ, ಹೊರಗಿನವರದ್ದಾಗುತ್ತೆ. ಅದಕ್ಕೇ ಆ ಕತೆ ಇಷ್ಟು ವರ್ಷ ಬಾಳಿದೆ ಅಂತ ನನ್ನ ಗುಮಾನಿ.

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ಫೈನಲ್ಲಿನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಭಾರತಕ್ಕೆ ಚಿನ್ನ, ಗೋಲು ಮೇವಾಲಾಲರದ್ದು. ಅಹ್ಮದ್ ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಚಳಿ ದೇಶ, ಮತ್ತದೇ ಬರಿಗಾಲು, ಎದುರಿಗೆ ಯುಗೊಸ್ಲಾವಿಯ. 10-1! ಆ ಒಂದು ಗೋಲು ಹೊಡೆದದ್ದು ಅಹ್ಮದ್ ಖಾನ್, ಎಂಬತ್ತೊಂಬತ್ತನೇ ನಿಮಿಷದಲ್ಲಿ. ಹತ್ತು ಗೋಲು ತಿಂದ ಮೇಲೂ ಕೊನೆಯ ನಿಮಿಷದಲ್ಲಿ ಎದುರಾಳಿಯ ಗೋಲಿನ ಕಡೆ ಓಡುವುದಕ್ಕೆ ಎಂಥಾ ಎದೆ ಬೇಕು ಅಂತ ಯೋಚಿಸಿ. ಈ ಸೋಲಿನ ಮೇಲೆ ಬೂಟು ಕಡ್ಡಾಯ ಆಯಿತು.

ಅಹ್ಮದ್ ಒಂದು ದಶಕದ ಕಾಲ ಈಸ್ಟ್ ಬೆಂಗಾಲಿಗೇ ಆಡಿದರು. ಆ ದಾರಿಯಲ್ಲಿ ಬೆಂಗಳೂರಿನ ಇನ್ನೂ ಎಷ್ಟೋ ಹುಡುಗರು ಕಲ್ಕತ್ತೆಗೆ ಹೋದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದ ಕೆಂಪಯ್ಯ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಇಬ್ಬರೂ ಮೋಹನ್ ಬಗಾನ್ ಸೇರಿದವರು. ಊರಲ್ಲಿ ಬೆಳೆದ ಭತ್ತ, ಅನ್ನ ಉಂಡದ್ದು ಬೇರೆಯವರು.

ಅಂದ ಹಾಗೆ, ಇಲ್ಲಿ ನಮ್ಮೂರಿನದೊಂದು ಮಾತಿದೆ. "ಮೈಸೂರು ಸಂತೋಷ್ ಟ್ರೋಫಿ ಗೆದ್ದಾಗ ನಮ್ಮೂರಲ್ಲಿ ಪಟಾಕಿ ಹೊಡೆದ್ರಾ ಮಾವ?" ಅಂತ ಹುಡುಗ ಕೇಳಿದ. ಮೈಸೂರು ಮೊದಲ ಸಲ ಗೆದ್ದದ್ದು 1946-47ರಲ್ಲಿ, ಎರಡನೇ ಸಲ 1952-53ರಲ್ಲಿ. ಆಗ ಕೊಳ್ಳೇಗಾಲ ಮೈಸೂರಿನದೇ ಅಲ್ಲ ಕಣಪ್ಪಾ! ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹನೂರು, ಮಾದಪ್ಪನ ಬೆಟ್ಟ ಎಲ್ಲಾ ಅದರಲ್ಲೇ. ಪಕ್ಕದ ಯಳಂದೂರು ಮಾತ್ರ ಮೈಸೂರಿನದು, ದಿವಾನ್ ಪೂರ್ಣಯ್ಯನವರ ಜಾಗೀರು. 1956ರ ನವೆಂಬರ್ 1ಕ್ಕೆ ನಾವು ಈ ಕಡೆ ಬಂದದ್ದು. ಅಹ್ಮದ್ ಖಾನರ ದಂಡು ಪ್ರದೇಶವೂ ಹಾಗೇ, ಬೆಂಗಳೂರಿನ ಒಳಗೇ ಇದ್ದರೂ ಬ್ರಿಟಿಷರ ಕೈಯಲ್ಲಿದ್ದು 1947ರಲ್ಲಿ ಮೈಸೂರಿಗೆ ಮರಳಿದ್ದು. ಒಂದು ಲೆಕ್ಕದಲ್ಲಿ ನಾವೂ ಅವರೂ ತಡವಾಗಿ ಮನೆಗೆ ಬಂದ ನೆಂಟರು.

ಹಾಗಾಗಿಯೇ ಏನೋ, ಕನ್ನಡದ ನೆನಪಿನಲ್ಲಿ ಇವರಿಗೆ ಜಾಗ ಸಿಕ್ಕಿಲ್ಲ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ನಮ್ಮವರು, ಸಂತೋಷ. ಆದರೆ ದಂಡಿನ ಮೈದಾನದಲ್ಲಿ ಉರ್ದು, ತಮಿಳು ಕೂಗಾಟದ ನಡುವೆ ಬೆಳೆದ ಅಹ್ಮದ್, ರಾಮನ್, ವಜ್ರವೇಲು ಮೈಸೂರಿನ ಅಂಗಿ ತೊಟ್ಟು ಆಡಿದರೂ ನಮ್ಮ ಮನೆಯ ಮಾತುಕತೆಗೆ ಬರಲೇ ಇಲ್ಲ. ಕಲ್ಕತ್ತೆಯಲ್ಲಿ ಭಾಷೆ ಬಾರದ ಇವರನ್ನು ಪಾಂಡವರು ಅಂದರು. ನಾವು ಏನೂ ಅನ್ನಲಿಲ್ಲ.

ಮೈಸೂರು ಮತ್ತೆ 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ನಾಲ್ಕು ಸಲವೂ ಫೈನಲ್ಲಿನಲ್ಲಿ ಸೋತದ್ದು ಬಂಗಾಳ ಅನ್ನುವುದು ಒಂದು ಮಜಾ. ಆಮೇಲೆ ಐವತ್ನಾಲ್ಕು ವರ್ಷ ಬರಗಾಲ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕರ್ನಾಟಕ ಮತ್ತೆ ಕಪ್ ತಂದಿತು. ಇದನ್ನು ನೋಡಲು ಅಹ್ಮದ್ ಖಾನ್ ಇರಲಿಲ್ಲ. 2017ರ ಆಗಸ್ಟ್‌ನಲ್ಲಿ, ಹುಟ್ಟಿದ ಬೆಂಗಳೂರಿನಲ್ಲೇ ತೀರಿಕೊಂಡರು, ತೊಂಬತ್ತು ದಾಟಿತ್ತು. ಅಷ್ಟು ಹೊತ್ತಿಗೆ ಅದೇ ಊರಿನಲ್ಲಿ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಎರಡು ಸಲ ದೇಶದ ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ಲಿಗೂ ಹೋಗಿ ಬಂದಿತ್ತು. ಸಂಬಳ, ಕರಾರು, ಡಾಕ್ಟರು, ಬೂಟು ಎಲ್ಲಾ ಇರುವ ತಂಡ.

ಬೆಟ್ಟದಲ್ಲಿ ಮಾದಪ್ಪನ ದರ್ಶನ ಆಗಿ ಹೊರಗೆ ಬಂದಾಗ ಕತ್ತಲಾಗಿತ್ತು. ವಾಪಸ್ ಬಸ್ಸಿನಲ್ಲಿ ಕೂತ ಮೇಲೆ ಹುಡುಗ ಲಾಡು ಪ್ರಸಾದ ತಿನ್ನುತ್ತಾ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಹತ್ತು ಗೋಲು ಆಗೋಗಿತ್ತಲ್ಲಾ ಮಾವ, ಆಮೇಲೂ ಯಾಕ್ ಓಡುದ್ರು?"

ಬಸ್ಸು ತಿರುವಿನಲ್ಲಿ ವಾಲಿತು. ಅವನ ಚೀಲದಿಂದ ಒಂದು ಬೂಟು ಉರುಳಿ ಮುಂದಿನ ಸೀಟಿನ ಅಡಿಗೆ ಹೋಯಿತು. ಅದನ್ನು ಹುಡುಕುವುದರಲ್ಲೇ ಕೌದಳ್ಳಿ ಬಂತು.